ಕಾಲು ದಾಟಿದರೆ ಸಾಲದು, ಸೊಂಟ ಹಿಡಿಯಬೇಕು

"ಸರ್, ಗಾರ್ಡ್ ಪಾಸ್ ಮಾಡೋಕೆ ಇನ್ನೊಂದು ಟೆಕ್ನಿಕ್ ಹೇಳಿಕೊಡಿ." ನೆಲದ ಮೇಲೆ ಹಿಡಿದಾಡುವ ಕುಸ್ತಿಯಂಥ ಬ್ರೆಜಿಲಿಯನ್ ಜಿಯು ಜಿಟ್ಸು ಕಲಿಸುವ ನನಗೆ ಜಾಸ್ತಿ ಕೇಳಿಬರುವ ಮಾತು ಇದು. ಕೆಳಗಿರುವ ಎದುರಾಳಿಯ ಕಾಲುಗಳನ್ನು ದಾಟಿ ಪಕ್ಕಕ್ಕೆ ಬರುವುದೇ ಗಾರ್ಡ್ ಪಾಸ್. ಹೀಗೆ ಕೇಳುವವರಿಗೆ ಆಗಲೇ ಏಳೆಂಟು ಪಾಸ್ ಗೊತ್ತಿರುತ್ತದೆ. ಆದರೂ ಸ್ಪಾರಿಂಗ್‌ನಲ್ಲಿ ಒಂದೂ ಕೈಗೂಡುವುದಿಲ್ಲ. ಅವರು ಆಡುವುದನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಕಾಲನ್ನು ದಾಟುತ್ತಾರೆ, ಸೊಂಟವನ್ನು ಬಿಟ್ಟುಬಿಡುತ್ತಾರೆ.

ಕೆಳಗಿರುವವರು ಕಾಲುಗಳನ್ನು ಅಡ್ಡ ಇಟ್ಟುಕೊಂಡು ಆಡುವುದೇ ಗಾರ್ಡ್. ಆ ಕಾಲುಗಳಿಗೆ ಬಲ ಬರುವುದು ಸೊಂಟದಿಂದ. ಸೊಂಟ ತಿರುಗುವಷ್ಟು ಜಾಗ ಸಿಕ್ಕರೆ ಮಂಡಿ ಮತ್ತೆ ಒಳಗೆ ಬಂದೇ ಬರುತ್ತದೆ.

ಟೊರಿಯಾಂಡೊ ಪಾಸನ್ನೇ ನೋಡಿ. ಎರಡು ಮಂಡಿಯ ಹತ್ತಿರ ಪ್ಯಾಂಟ್ ಹಿಡಿದು, ಕಾಲುಗಳನ್ನು ಒಂದು ಬದಿಗೆ ತಳ್ಳಿ, ಇನ್ನೊಂದು ಬದಿಯಿಂದ ಸುತ್ತಿ ಬರುತ್ತೀರಿ. ಇಲ್ಲಿವರೆಗೆ ಎಲ್ಲರೂ ಚೆನ್ನಾಗಿ ಮಾಡುತ್ತಾರೆ. ಆಮೇಲೆ ಅವಸರದಲ್ಲಿ ನೇರ ಎದೆಯ ಮೇಲೆ ಬೀಳುತ್ತಾರೆ. ಕೆಳಗಿರುವವರು ಭುಜಕ್ಕೆ ಕೈ ಅಡ್ಡ ಕೊಟ್ಟು, ಸೊಂಟ ಹಿಂದೆ ಜರುಗಿಸಿ, ಮಂಡಿ ತೂರಿಸುತ್ತಾರೆ. ಮತ್ತೆ ಮೊದಲಿಂದ ಶುರು. ಅದರ ಬದಲು, ಸುತ್ತಿ ಬಂದ ಕೂಡಲೇ ನಿಮ್ಮ ಭುಜ ಅವರ ಸೊಂಟದ ಮೇಲೆ ಕೂರಲಿ. ಕಾಲಿನ ಹಿಡಿತ ಇನ್ನೂ ಬಿಡಬೇಡಿ. ಅವರ ಬೆನ್ನು ಮ್ಯಾಟ್‌ಗೆ ತಾಗಿದ ಮೇಲೆ ತಲೆಯ ಕಡೆಗೆ ಏರಿ, ಕ್ರಾಸ್‌ಫೇಸ್ ಹಾಕಿ, ಅಂದರೆ ತಲೆಯ ಕೆಳಗೆ ಕೈ ತೂರಿಸಿ ಭುಜದಿಂದ ಅವರ ಮುಖವನ್ನು ಆಚೆಗೆ ಒತ್ತಿ.

ಮಂಡಿ ತೂರಿಸಿ ದಾಟುವ 'ನೀ ಕಟ್' ಪಾಸ್‌ನಲ್ಲೂ ಅದೇ ಕಥೆ. ನಿಮ್ಮ ಮಂಡಿ ಅವರ ತೊಡೆಯನ್ನು ಸೀಳಿಕೊಂಡು ಹೋಗುತ್ತದೆ, ಸರಿ. ಆದರೆ ಅಂಡರ್‌ಹುಕ್ (ಕಂಕುಳ ಕೆಳಗಿಂದ ತೋಳು ತೂರಿಸುವ ಹಿಡಿತ) ಅವರ ಕೈಗೆ ಸಿಕ್ಕಿದ್ದರೆ ಅವರು ಎದ್ದು ನಿಮ್ಮ ಬೆನ್ನಿಗೇ ಬರುತ್ತಾರೆ. ಮಂಡಿ ಆಮೇಲೆ, ಅಂಡರ್‌ಹುಕ್ ಮೊದಲು.

ಕೆಳಗಿರುವವರು ನಿಮ್ಮ ಸೊಂಟಕ್ಕೆ ಕಾಲು ಸುತ್ತಿ ಪಾದ ಹೆಣೆದುಕೊಳ್ಳುವ ಕ್ಲೋಸ್ಡ್ ಗಾರ್ಡ್ ಬಗ್ಗೆ ಎರಡೇ ಮಾತು. ಅವರ ಕಾಲುಗಳ ನಡುವೆ ಒಂದು ಕೈ ಒಳಗೆ, ಒಂದು ಕೈ ಹೊರಗೆ ಇಡಬೇಡಿ. ಅದು ಕಾಲುಗಳಿಂದ ಕುತ್ತಿಗೆ ಮತ್ತು ಒಂದು ತೋಳನ್ನು ಬಿಗಿಯುವ ಟ್ರಯಾಂಗಲ್‌ಗೆ ನೀವೇ ಕೊಟ್ಟ ಆಹ್ವಾನ. ಮತ್ತೆ, ಕಾಲು ಬಿಡಿಸಲು ಎದ್ದು ನಿಲ್ಲುವುದನ್ನು ಕಲಿಯಿರಿ. ಮೊದಮೊದಲು ಅವರು ನಿಮ್ಮನ್ನು ಉರುಳಿಸಿ (ಸ್ವೀಪ್) ಮೇಲೆ ಬರುತ್ತಾರೆ. ಪರವಾಗಿಲ್ಲ, ಮಂಡಿಯೂರಿ ಒದ್ದಾಡುವುದಕ್ಕಿಂತ ಇದು ಬೇಗ ಫಲ ಕೊಡುತ್ತದೆ ಅಂತ ನನ್ನ ಅನುಭವ.

ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ಐಬಿಜೆಜೆಎಫ್ ನಿಯಮದಲ್ಲೂ ಕಾಲು ದಾಟಿದ್ದಕ್ಕೇ ಅಂಕ ಇಲ್ಲ. ದಾಟಿ, 3 ಸೆಕೆಂಡ್ ಹಿಡಿದಿಟ್ಟರೆ ಮಾತ್ರ 3 ಅಂಕ. ಬ್ಲೂ ಬೆಲ್ಟ್ ಇದ್ದಾಗ ಒಂದೇ ಪಂದ್ಯದಲ್ಲಿ ನಾಲ್ಕು ಸಲ ದಾಟಿದ್ದೆ, ಒಮ್ಮೆಯೂ ಹಿಡಿದಿಡಲಿಲ್ಲ. ಆ ಸೋಲು ಇವತ್ತಿಗೂ ನೆನಪಿದೆ.

ಅದಕ್ಕೇ ನಮ್ಮ ಕ್ಲಾಸಿನಲ್ಲಿ ಪಾಸನ್ನು ಕೊನೆಯಿಂದ ಕಲಿಸುತ್ತೇನೆ. ನೀವು ಆಗಲೇ ಕಾಲು ದಾಟಿ, ಸೊಂಟದ ಪಕ್ಕ ಇದ್ದೀರಿ. ಜೊತೆಗಾರರು ಪೂರ್ತಿ ಬಲ ಹಾಕಿ ಗಾರ್ಡ್ ವಾಪಸ್ ತರಲು ನೋಡಬೇಕು, ನೀವು 10 ಸೆಕೆಂಡ್ ತಡೆಯಬೇಕು. ಐದು ಸುತ್ತು ಆಡಿ. ತಡೆಯುವುದು ಹಿಡಿತಕ್ಕೆ ಬಂದ ಮೇಲೆ ಒಂದು ಹೆಜ್ಜೆ ಹಿಂದೆ ಹೋಗಿ, ಅವರ ಮಂಡಿಯ ಎದುರಿನಿಂದ ಶುರು ಮಾಡಿ. ಪಾದದ ಎದುರು, ಗ್ರಿಪ್ ಬಿಡಿಸುವ ಆಟ ಕೊನೆಗೆ ಬರಲಿ.