ಮಂಡಿ ಹಿಂದಿನ ಗಂಟು: ಸೂಜಿ ಮುಂದೆ ಯಾಕೆ?

ಅಡಿಕೆ ಸುಲಿಯುವ ಕಾಲ. ತೀರ್ಥಹಳ್ಳಿ ಕಡೆಯ ಅಮ್ಮ ಒಬ್ಬರು ನಮ್ಮ ಓಪಿಡಿಗೆ ಬಂದಿದ್ದರು. ಮಂಡಿ ಸವೆತ ಹಳೇದು. ಈಗ "ಮಂಡಿ ಹಿಂದೆ ನಿಂಬೆಹಣ್ಣು ಸಿಕ್ಕಿಹಾಕ್ಕೊಂಡಂಗಿದೆ ಕಣಪ್ಪ" ಅಂದರು. ಕುರ್ಚಿಯಲ್ಲಿ ಕೂತವರ ಮಂಡಿ ಹಿಂದೆ ಕೈ ಹಾಕಿ, ಏನೂ ಇಲ್ಲ ಅಂತ ಬರೆದುಬಿಟ್ಟೆ. ನಮಗೆ ಕಲಿಸುವ ಸರ್ ಬಂದು, ಅಮ್ಮನನ್ನು ನಿಲ್ಲಿಸಿ ನನ್ನ ಕೈಯಲ್ಲಿ ಹಿಂದಿನಿಂದ ಮುಟ್ಟಿಸಿದರು. ಗಟ್ಟಿಯಾಗಿ ಸಿಕ್ಕಿತು. ಬೇಕರ್ ಸಿಸ್ಟ್, ಅಂದರೆ ಮಂಡಿ ಹಿಂದಿನ ಈ ನೀರು ತುಂಬಿದ ಗಂಟು, ಹಾಗೇ: ಕಾಲು ಚಾಚಿದರೆ ಬಿಗಿ, 45 ಡಿಗ್ರಿಯಷ್ಟು ಮಡಿಸಿದರೆ ಮೆತ್ತಗೆ. ಕೂರಿಸಿ ನೋಡಬೇಡಿ.

ಸರ್ ಕೀಲಿಗೆ ಮುಂದಿನಿಂದ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಲು ಹೊರಟಾಗ ಅಮ್ಮ ಕೇಳಿದರು: "ಗಂಟು ಹಿಂದಿದೆ, ಸೂಜಿ ಮುಂದೆ ಯಾಕೆ?" ಪರೀಕ್ಷೆಗೆ ಬರುವ ಪ್ರಶ್ನೆಯೂ ಇದೇ ಅಲ್ವಾ?

ಸವೆದ ಕೀಲಿನೊಳಗೆ ಉರಿಯೂತದಿಂದ ನೀರು ಜಾಸ್ತಿ ಊರುತ್ತದೆ. ಅದು ಹಿಂದೆ ಒಳಮಗ್ಗುಲಲ್ಲಿ, ಗ್ಯಾಸ್ಟ್ರಾಕ್ನೀಮಿಯಸ್ (ಮೀನಖಂಡದ ಸ್ನಾಯು) ಮತ್ತು ಸೆಮಿಮೆಂಬ್ರನೋಸಸ್ (ತೊಡೆ ಹಿಂಭಾಗದ ಸ್ನಾಯು) ನಡುವಿನ ಚೀಲಕ್ಕೆ ನುಗ್ಗುತ್ತದೆ. ಚೀಲದ ಬಾಯಿ ವಾಲ್ವ್ ಥರ. ಹೋದ ನೀರು ಸುಲಭಕ್ಕೆ ವಾಪಸ್ ಬರಲ್ಲ. ಇಂಗ್ಲೆಂಡಿನ ಸರ್ಜನ್ ವಿಲಿಯಂ ಮೊರಂಟ್ ಬೇಕರ್ 1877ರಲ್ಲಿ ಕೀಲಿನ ಜೊತೆಗಿನ ಈ ನಂಟನ್ನೇ ಎತ್ತಿ ಹೇಳಿದ್ದು. ಗಂಟನ್ನಷ್ಟೇ ಬರಿದು ಮಾಡುವುದು, ಮಳೆಗಾಲದಲ್ಲಿ ಜಲ ಎದ್ದ ಗುಂಡಿಯ ನೀರು ಮೊಗೆದ ಹಾಗೆ. ಬೆಳಗಾದರೆ ಮತ್ತೆ ತುಂಬಿರುತ್ತದೆ.

ಅದಕ್ಕೇ ಮೊದಲು ಕೀಲು: ತೊಡೆ ಸ್ನಾಯುವಿನ ವ್ಯಾಯಾಮ, ತೂಕ ಇಳಿಸುವುದು, ನೋವಿನ ಜೆಲ್. ಗಿಡ್ಡ ಮಣೆ ಬಿಟ್ಟು ಎತ್ತರದ ಸ್ಟೂಲ್ ಮೇಲೆ ಕೂರಲು ಹೇಳಿ. ಅಡಿಕೆ ಸುಲಿಯುವಾಗ ಹೇಗೆ ಕೂರುತ್ತಾರೆ ಅಂತ ನಾವು ಕೇಳುವುದೇ ಇಲ್ಲ! ಕೀಲಿಗೆ ಸ್ಟೀರಾಯ್ಡ್ ಕೊಟ್ಟರೆ ಎಷ್ಟೋ ಸಲ ಗಂಟೂ ಕುಗ್ಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಶುಗರ್ ಏರಬಹುದು, ಮೊದಲೇ ಹೇಳಿಬಿಡಿ.

ನೋವು ತಡೆಯಲಾಗದಿದ್ದರೆ ಅಲ್ಟ್ರಾಸೌಂಡ್ ನೋಡಿಕೊಂಡು ಗಂಟಿನ ನೀರು ತೆಗೆಯಬಹುದು. ಒಳಗಿರುವುದು ಲೋಳೆಯಂತೆ ಮಂದ, ಸಣ್ಣ ಸೂಜಿಗೆ ಏರಲ್ಲ. ಶಸ್ತ್ರಚಿಕಿತ್ಸೆ ಕೊನೆಯ ಮಾತು. ಅದಾದ ಮೇಲೂ ಮರುಕಳಿಸುವುದುಂಟು. ಗಂಟು ನಾಡಿಯಂತೆ ಮಿಡಿಯುತ್ತಿದ್ದರೆ ಮಾತ್ರ ಸೂಜಿ ಮುಟ್ಟಲೇಬೇಡಿ, ಅದು ಉಬ್ಬಿದ ರಕ್ತನಾಳ ಇರಬಹುದು.

ಇನ್ನೊಂದು. ಗಂಟು ಒಡೆದರೆ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುತ್ತದೆ. ಮನೆಯಲ್ಲಿ ಎಣ್ಣೆ ಹಚ್ಚಿ ತಿಕ್ಕಲು ಶುರುಮಾಡುತ್ತಾರೆ. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಹೀಗೇ ಕಾಣುತ್ತದೆ. ಒಳಹರಡಿನ ಕೆಳಗೆ ಅರ್ಧಚಂದ್ರದಂಥ ನೀಲಿ ಕಲೆ ಮೂಡಿದರೆ ಗಂಟು ಒಡೆದಿರುವ ಸಾಧ್ಯತೆ ಹೆಚ್ಚು. ಆದರೂ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸದೆ ಮನೆಗೆ ಕಳಿಸಬೇಡಿ.