ಫುಲ್ ಚಾರ್ಜ್‌ಗೆ ಎಷ್ಟು ಓಡುತ್ತೆ ಅಂತ ಕೇಳಬೇಡಿ

ಎಲೆಕ್ಟ್ರಿಕ್ ಕಾರು ಕೊಳ್ಳುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಬಂದವರು ಸರಿಯಾಗಿ ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಫುಲ್ ಚಾರ್ಜ್‌ಗೆ ಎಷ್ಟು ಓಡುತ್ತೆ ಸಾರ್?"

ನಾನು ಉತ್ತರ ಕೊಡುವುದಿಲ್ಲ. "ರಾತ್ರಿ ಕಾರು ಎಲ್ಲಿ ನಿಲ್ಲುತ್ತೆ?" ಅಂತ ತಿರುಗಿ ಕೇಳುತ್ತೇನೆ. ಕೆಲವರಿಗೆ ಸಿಟ್ಟೇ ಬರುತ್ತದೆ. ಬರಲಿ. ದಿನದ ಓಡಾಟಕ್ಕೆ ಅವರು ಕೇಳುವ ಆ ನಂಬರ್ ಬೇಕಾಗಿಲ್ಲ. ದೂರದ ಪ್ರಯಾಣಕ್ಕೆ ಆ ನಂಬರ್ ಒಂದೇ ಸಾಲುವುದಿಲ್ಲ. ಎರಡೂ ಕಡೆ ಅಷ್ಟಾಗಿ ಕೆಲಸಕ್ಕೆ ಬಾರದ ನಂಬರ್ ಹಿಡಿದುಕೊಂಡು ಜನ ಇಷ್ಟು ದೊಡ್ಡ ಖರ್ಚು ತೀರ್ಮಾನ ಮಾಡುತ್ತಾರೆ. ಅದು ನನಗೆ ತಡೆಯುವುದಿಲ್ಲ.

ದಿನದ ಓಡಾಟದ ವಿಷಯ ಬೇಗ ಮುಗಿಯುತ್ತದೆ. ಮನೆಯಲ್ಲಿ 3 ಕಿಲೋವ್ಯಾಟ್ ಸಿಗುವ ಪ್ಲಗ್ ಇದೆ ಅಂದುಕೊಳ್ಳಿ. ರಾತ್ರಿ 8 ಗಂಟೆ ಹಾಕಿಟ್ಟರೆ, ನಡುವೆ ಸೋರಿ ಹೋಗುವುದನ್ನು ಕಳೆದು, ಬ್ಯಾಟರಿಗೆ 21 ಯೂನಿಟ್ ಸಿಗುತ್ತದೆ. (ಕಿಲೋವ್ಯಾಟ್ ಅವರ್ ಅಂದರೂ ಕರೆಂಟ್ ಬಿಲ್ಲಿನ ಯೂನಿಟ್ ಅಂದರೂ ಒಂದೇ. ನಾನು ಯೂನಿಟ್ ಅಂತಲೇ ಬರೆಯುತ್ತೇನೆ.) ಊರೊಳಗಿನ ಓಡಾಟಕ್ಕೆ ಸಾಧಾರಣ ಕಾರಿಗೆ 100 ಕಿಲೋಮೀಟರ್‌ಗೆ 14 ಯೂನಿಟ್ ಬೇಕು. ಅಂದರೆ ಬೆಳಿಗ್ಗೆ ಎದ್ದಾಗ 150 ಕಿಲೋಮೀಟರ್ ತಯಾರಾಗಿರುತ್ತದೆ. ದಿನಾ ಬೆಳಿಗ್ಗೆ! 60 ಕಿಲೋಮೀಟರ್ ಓಡುವವರಿಗೆ ಕಾರಿನ ರೇಂಜ್ (ಫುಲ್ ಚಾರ್ಜ್‌ಗೆ ಓಡುವ ದೂರ) 250 ಆದರೇನು, 500 ಆದರೇನು?

"ನಂದು ಓಡಾಟ ಜಾಸ್ತಿ" ಅಂತ ಎಲ್ಲರೂ ಹೇಳುತ್ತಾರೆ. ಆಗ ಹಳೆ ಕಾರಿನ ಎರಡು ಸರ್ವಿಸ್ ಬಿಲ್ ತರಿಸಿ ನೋಡುತ್ತೇನೆ. ಎರಡರಲ್ಲೂ ಓಡೋಮೀಟರ್ ರೀಡಿಂಗ್ ಇರುತ್ತದೆ. ಕಳೆದು, ದಿನಗಳಿಂದ ಭಾಗಿಸಿದರೆ ಮುಗಿಯಿತು. ದಿನಕ್ಕೆ ನೂರು ಅಂದವರದು ಎಷ್ಟೋ ಸಲ ನಲವತ್ತಕ್ಕೆ ಬಂದು ನಿಲ್ಲುತ್ತದೆ. ಸುಳ್ಳು ಹೇಳುತ್ತಾರೆ ಅಂತಲ್ಲ. ಸುಸ್ತಾದ ದಿನಗಳು ಮಾತ್ರ ನೆನಪಿರುತ್ತವೆ, ಅಷ್ಟೇ.

ಈಗ ಆ ನಂಬರ್ ಎಲ್ಲಿಂದ ಬರುತ್ತದೆ ನೋಡೋಣ. 2010ರ ಕೊನೆಯಲ್ಲಿ ನಿಸಾನ್ ಲೀಫ್ ಬಂದಾಗ ಅದರಲ್ಲಿ ಇದ್ದದ್ದು 24 ಯೂನಿಟ್ ಬ್ಯಾಟರಿ. ಜಪಾನಿನ ಪರೀಕ್ಷೆಯಲ್ಲಿ ಅದರ ರೇಂಜ್ 200 ಕಿಲೋಮೀಟರ್. ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆಯಲ್ಲಿ 175. ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ಚೀಟಿಯಲ್ಲಿ 73 ಮೈಲಿ, ಅಂದರೆ 117 ಕಿಲೋಮೀಟರ್. ಕಾರೂ ಅದೇ, ಬ್ಯಾಟರಿಯೂ ಅದೇ. ಅಳತೆ ಮಾಡಿದ ರೀತಿ ಬೇರೆ. ಆಮೇಲೆ 2017ರಿಂದ ಯುರೋಪಿನಲ್ಲಿ ಡಬ್ಲ್ಯುಎಲ್‌ಟಿಪಿ ಅನ್ನುವ ಹೊಸ ಪರೀಕ್ಷೆ ಬಂತು. ಮೊದಲಿನದಕ್ಕಿಂತ ಎಷ್ಟೋ ವಾಸಿ. ಆದರೂ ಅದರ ಸರಾಸರಿ ವೇಗ ಗಂಟೆಗೆ 46.5 ಕಿಲೋಮೀಟರ್. ಪರೀಕ್ಷೆ ನಡೆಯುವುದು 23 ಡಿಗ್ರಿ ಹಿತವಾದ ಹವೆಯಲ್ಲಿ. ಹೆದ್ದಾರಿಯಲ್ಲಿ ಆ ವೇಗದಲ್ಲಿ ಹೋಗುವವರು ಯಾರಿದ್ದಾರೆ?

ಪೆಟ್ರೋಲ್ ಕಾರು ಓಡಿಸಿ ರೂಢಿಯಾದವರು ಇಲ್ಲೇ ಎಡವುತ್ತಾರೆ. ಅದು ಹೆದ್ದಾರಿಯಲ್ಲಿ ಜಾಸ್ತಿ ಮೈಲೇಜ್ ಕೊಡುತ್ತದೆ, ಇದು ಕಡಿಮೆ ಕೊಡುತ್ತದೆ. ಊರೊಳಗೆ ಬ್ರೇಕ್ ಹಾಕಿದಾಗೆಲ್ಲ ಸ್ವಲ್ಪ ಕರೆಂಟ್ ವಾಪಸ್ ಬರುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಮೋಟರ್ ಏನೂ ತಿನ್ನುವುದಿಲ್ಲ. ಹೆದ್ದಾರಿಯಲ್ಲಿ ಕಾದಾಟವೆಲ್ಲ ಗಾಳಿಯ ಜೊತೆ. ವೇಗವನ್ನು 90ರಿಂದ 120ಕ್ಕೆ ಏರಿಸಿದರೆ ಗಾಳಿಯ ತಡೆ ಶೇಕಡಾ 78ರಷ್ಟು ಏರುತ್ತದೆ. ಹಾಗಾಗಿ ಚೀಟಿಯಲ್ಲಿ 300 ಇರುವ ಕಾರು ಹೆದ್ದಾರಿಯಲ್ಲಿ 220 ಓಡಿದರೆ ಅದು ಕೆಟ್ಟ ಕಾರಲ್ಲ.

ಇನ್ನು ನಾನು ಬಾಯಿ ನೋಯುವಷ್ಟು ಹೇಳುವ ವಿಷಯ. ಕಾಗದ ತಗೊಂಡು ಲೆಕ್ಕ ಹಾಕಿಯೇ ಹೇಳುತ್ತೇನೆ. ಇಲ್ಲದಿದ್ದರೆ ಯಾರೂ ನಂಬುವುದಿಲ್ಲ.

ಎರಡು ಕಾರು ಇವೆ. ಚಿಕ್ಕದರ ಬ್ಯಾಟರಿ 40 ಯೂನಿಟ್, ದೊಡ್ಡದರದು 75. ಹೋಗಬೇಕಾದ ದೂರ 500 ಕಿಲೋಮೀಟರ್, ಪೂರ್ತಿ ಹೆದ್ದಾರಿ. ಚಿಕ್ಕ ಕಾರಿಗೆ 100 ಕಿಲೋಮೀಟರ್‌ಗೆ 18 ಯೂನಿಟ್ ಬೇಕು. ದೊಡ್ಡದು ಭಾರ ಜಾಸ್ತಿ, 19 ಇರಲಿ. ಯಾರೂ ಸೊನ್ನೆಯವರೆಗೆ ಓಡಿಸುವುದಿಲ್ಲ, ಓಡಿಸಲೂಬಾರದು. ಹತ್ತು ಪರ್ಸೆಂಟ್ ಉಳಿದಾಗ ನಿಲ್ಲಿಸೋಣ.

ಚಿಕ್ಕ ಕಾರು ಮನೆಯಿಂದ ಹೊರಟು 200 ಕಿಲೋಮೀಟರ್‌ಗೆ ನಿಲ್ಲುತ್ತದೆ. ಫಾಸ್ಟ್ ಚಾರ್ಜರ್‌ಗೆ ಹಾಕಿದಿರಿ. 80 ಪರ್ಸೆಂಟ್ ಆದಮೇಲೆ ಚಾರ್ಜಿಂಗ್ ತೀರಾ ನಿಧಾನವಾಗುತ್ತದೆ. ಹಾಗಾಗಿ ಅಲ್ಲಿಗೇ ಕಿತ್ತು ಹೊರಡಬೇಕು. ಈಗ ಕೈಯಲ್ಲಿರುವುದು ಹತ್ತರಿಂದ ಎಂಬತ್ತು ಮಾತ್ರ, 28 ಯೂನಿಟ್. ಅದರಲ್ಲಿ 155 ಕಿಲೋಮೀಟರ್. ಗಮನಿಸಿದಿರಾ? ಮೊದಲ ಹಂತ 200, ಎರಡನೇ ಹಂತ 155. "ಫುಲ್ ಚಾರ್ಜ್" ಅನ್ನುವುದು ಮನೆಯಿಂದ ಹೊರಟಾಗ ಒಂದು ಸಲ ಸಿಗುತ್ತದೆ. ದಾರಿಯಲ್ಲಿ ಅದು ಮತ್ತೆ ಸಿಗುವುದಿಲ್ಲ. ಎರಡನೇ ಹಂತದಿಂದ ಲೆಕ್ಕಕ್ಕೆ ಬರುವುದು ಕಾರು ನಿಮಿಷಕ್ಕೆ ಎಷ್ಟು ಕಿಲೋಮೀಟರ್ ತುಂಬಿಸಿಕೊಳ್ಳುತ್ತದೆ ಅನ್ನುವುದು.

ಚಿಕ್ಕ ಕಾರು ಸರಾಸರಿ 75 ಕಿಲೋವ್ಯಾಟ್‌ನಲ್ಲಿ, ಅಂದರೆ ಗಂಟೆಗೆ 75 ಯೂನಿಟ್ ಲೆಕ್ಕದಲ್ಲಿ, ಚಾರ್ಜ್ ಆಗುತ್ತದೆ ಅನ್ನಿ. ಉಳಿದ 300 ಕಿಲೋಮೀಟರ್‌ಗೆ ಬೇಕಾದದ್ದು 54 ಯೂನಿಟ್. ಎರಡು ಕಡೆ ನಿಂತು ಒಟ್ಟು 43 ನಿಮಿಷ. ದೊಡ್ಡ ಕಾರು 355 ಕಿಲೋಮೀಟರ್‌ಗೆ ಮೊದಲ ಸಲ ನಿಲ್ಲುತ್ತದೆ. ಉಳಿದ 145ಕ್ಕೆ ಬೇಕಾದದ್ದು ಸುಮಾರು 27.5 ಯೂನಿಟ್. ಆದರೆ ಅದು ಸರಾಸರಿ 50 ಕಿಲೋವ್ಯಾಟ್ ಮಾತ್ರ ಎಳೆಯುತ್ತದೆ ಅನ್ನಿ. 33 ನಿಮಿಷ. ಹೆದ್ದಾರಿಯಿಂದ ಇಳಿದು ಪ್ಲಗ್ ಹಾಕುವುದಕ್ಕೆ ಪ್ರತಿ ಸಲ ಐದು ನಿಮಿಷ ಸೇರಿಸಿದರೂ ವ್ಯತ್ಯಾಸ ಕಾಲು ಗಂಟೆ. ಬ್ಯಾಟರಿ ಹೆಚ್ಚುಕಮ್ಮಿ ಎರಡರಷ್ಟು, ಕಾರಿನ ತೂಕ ಚಿಕ್ಕದಕ್ಕಿಂತ 200 ಕಿಲೋಗೂ ಜಾಸ್ತಿ, ಕೊನೆಗೆ ಉಳಿಸಿದ್ದು ಕಾಲು ಗಂಟೆ!

ಅದೇ ದೊಡ್ಡ ಕಾರು 150 ಕಿಲೋವ್ಯಾಟ್ ಎಳೆಯುವಂಥದಾದರೆ 11 ನಿಮಿಷ ಸಾಕು. ಆಗ ಅದು ನಿಜವಾದ ದೂರದ ಕಾರು. ಕೊಡ ಎಷ್ಟು ದೊಡ್ಡದು ಅಂತ ಎಲ್ಲರೂ ನೋಡುತ್ತಾರೆ, ಅದರ ಬಾಯಿ ಎಷ್ಟು ಅಗಲ ಅಂತ ಯಾರೂ ನೋಡುವುದಿಲ್ಲ. ನನ್ನ ಗೋಳು ಇಷ್ಟೇ.

ಇದು ಬರೀ ಕಾಗದದ ಲೆಕ್ಕವಲ್ಲ. ಶೆವರ್ಲೆ ಬೋಲ್ಟ್ 2016ರಲ್ಲಿ 60 ಯೂನಿಟ್ ಬ್ಯಾಟರಿಯ ಜೊತೆ ಬಂತು. ಇಪಿಎ ರೇಂಜ್ 238 ಮೈಲಿ, ಅಂದರೆ 383 ಕಿಲೋಮೀಟರ್. ಆ ಕಾಲಕ್ಕೆ ದೊಡ್ಡ ಮಾತು. ಆದರೆ ಅರ್ಧ ಗಂಟೆ ಫಾಸ್ಟ್ ಚಾರ್ಜ್ ಮಾಡಿದರೆ ಸಿಗುವುದು 90 ಮೈಲಿ ಅಂತ ಕಂಪನಿಯೇ ಹೇಳಿತ್ತು. ಅದೇ ವರ್ಷ ಬಂದ ಹ್ಯುಂಡೈ ಅಯಾನಿಕ್‌ದು ಬರೀ 28 ಯೂನಿಟ್. ಆದರೆ 100 ಕಿಲೋವ್ಯಾಟ್ ಚಾರ್ಜರ್‌ನಲ್ಲಿ 23 ನಿಮಿಷಕ್ಕೆ 80 ಪರ್ಸೆಂಟ್ ತಲುಪುತ್ತಿತ್ತು. ಹೊಸ ಅಯಾನಿಕ್ 5 ನೋಡಿ. ಅದು 800 ವೋಲ್ಟ್ ಕಾರು, ಅಂದರೆ ಬೇಗ ತುಂಬಿಸಿಕೊಳ್ಳುವಂಥದು. 350 ಕಿಲೋವ್ಯಾಟ್ ಚಾರ್ಜರ್ ಸಿಕ್ಕರೆ ಹತ್ತರಿಂದ ಎಂಬತ್ತಕ್ಕೆ 18 ನಿಮಿಷ ಅನ್ನುತ್ತದೆ ಕಂಪನಿ. "ಸಿಕ್ಕರೆ" ಅನ್ನುವುದನ್ನು ಮರೆಯಬೇಡಿ. ನಿಮ್ಮ ದಾರಿಯಲ್ಲಿ 50ರ ಚಾರ್ಜರ್ ಮಾತ್ರ ಇದ್ದರೆ ಎಂಥ ಕಾರೂ 50ರಲ್ಲೇ ತುಂಬಬೇಕು. ಕಂಪನಿ ದೊಡ್ಡ ಅಕ್ಷರದಲ್ಲಿ ಹಾಕುವ ಗರಿಷ್ಠ ಕಿಲೋವ್ಯಾಟ್ ಕೂಡ ನಂಬುವಂಥದಲ್ಲ. ಕೆಲವು ಕಾರಿನಲ್ಲಿ ಅದು ಎರಡು ನಿಮಿಷ ಕಂಡು ಮಾಯವಾಗುತ್ತದೆ. ಹತ್ತರಿಂದ ಎಂಬತ್ತಕ್ಕೆ ಎಷ್ಟು ನಿಮಿಷ ಅಂತ ಕೇಳಿ.

ಒಮ್ಮೆ ವಯಸ್ಸಾದ ದಂಪತಿ ಬಂದಿದ್ದರು. ಯಜಮಾನರಿಗೆ ಅತಿ ದೊಡ್ಡ ಬ್ಯಾಟರಿಯೇ ಬೇಕು. ಮಗಳ ಮನೆ 300 ಕಿಲೋಮೀಟರ್ ದೂರ, ಎಲ್ಲೂ ನಿಲ್ಲದೆ ಹೋಗಬೇಕು ಅನ್ನುವುದು ಅವರ ಹಟ. ಪಕ್ಕದಲ್ಲಿದ್ದ ಅವರ ಮನೆಯವರು ಅಷ್ಟು ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ನಿಧಾನಕ್ಕೆ ಹೇಳಿದರು: "ನಾವು ಹೋಗೋದು ವರ್ಷಕ್ಕೆ ಎರಡು ಸಲ ಕಣ್ರೀ. ಅಷ್ಟು ದೂರಕ್ಕೆ ಮೂರು ಸಲ ಗಾಡಿ ನಿಲ್ಲಿಸೋರು ನೀವೇ ಅಲ್ವಾ?" ನಾನು ಮತ್ತೆ ಮಾತಾಡುವ ಅಗತ್ಯವೇ ಬೀಳಲಿಲ್ಲ. ಚಿಕ್ಕ ಕಾರು ತಗೊಂಡರು. ಇಂಥವರು ಬಂದ ದಿನ ಈ ಕೆಲಸ ಖುಷಿ ಕೊಡುತ್ತದೆ.

ಹಾಗಂತ ಎಲ್ಲರಿಗೂ ಚಿಕ್ಕ ಬ್ಯಾಟರಿ ಸಾಕು ಅಂತ ನಾನು ಹೇಳುತ್ತಿಲ್ಲ. ಒಬ್ಬ ಔಷಧ ಕಂಪನಿಯ ಪ್ರತಿನಿಧಿ ಕಾರು ಕೊಂಡಮೇಲೆ ಬಂದರು. ಚೀಟಿಯಲ್ಲಿ 300 ಇತ್ತು, ಅವರ ದಿನದ ಓಡಾಟ 230. ಮಾರಿದವರು "ಆರಾಮಾಗಿ ಸಾಕಾಗುತ್ತೆ" ಅಂದಿದ್ದರಂತೆ. ಆದರೆ ಆ 230 ಪೂರ್ತಿ ಹೆದ್ದಾರಿ. ಈಗ ದಿನಾ ಸಂಜೆ, ಮನೆ ಇನ್ನೇನು ಬಂತು ಅನ್ನುವಾಗ, ಚಾರ್ಜರ್ ಹತ್ತಿರ ಕಾಯುತ್ತಾ ಕೂರುತ್ತಾರೆ. ಅವರಿಗೆ ದೊಡ್ಡ ಬ್ಯಾಟರಿಯೇ ಬೇಕಿತ್ತು. ವರ್ಷಕ್ಕೆ ಎರಡು ದಿನ ಕಾಯುವುದು ಬೇರೆ, ದಿನಾ ಕಾಯುವುದು ಬೇರೆ.

ಮನೆಯಲ್ಲಿ ಪ್ಲಗ್ ಇಲ್ಲದವರಿಗೂ ನಾನು ದೊಡ್ಡ ಬ್ಯಾಟರಿಯನ್ನೇ ಹೇಳುತ್ತೇನೆ. ವಾರಕ್ಕೆ ಒಂದು ಸಲ ಚಾರ್ಜರ್ ಹುಡುಕಿಕೊಂಡು ಹೋಗಬಹುದು, ಎರಡು ದಿನಕ್ಕೊಮ್ಮೆ ಹೋಗಬೇಕೆಂದರೆ ಜೀವ ಬೇಸರವಾಗುತ್ತದೆ. ದಾರಿಯಲ್ಲಿ ಚಾರ್ಜರ್ ದೂರದೂರಕ್ಕೆ ಇದ್ದರೂ ಹಾಗೆಯೇ. ಇರುವ ಒಂದು ಕೆಟ್ಟು ನಿಂತಿದ್ದರೆ ಮುಂದಿನದಕ್ಕೆ ತಲುಪುವಷ್ಟು ಕೈಯಲ್ಲಿರಬೇಕು.

ಚಳಿಯ ಬಗ್ಗೆ ಒಂದು ಮಾತು, ಇದನ್ನು ಬಹಳ ಜನ ಉಲ್ಟಾ ತಿಳಿದಿರುತ್ತಾರೆ. ಕೊರೆಯುವ ಚಳಿಯಲ್ಲಿ ಹೀಟರ್ ಗಂಟೆಗೆ 3 ಯೂನಿಟ್ ತಿನ್ನುತ್ತದೆ ಅನ್ನಿ. ಹೆದ್ದಾರಿಯಲ್ಲಿ 100 ಕಿಲೋಮೀಟರ್ ಒಂದು ಗಂಟೆಗೆ ಮುಗಿಯುತ್ತದೆ, ಹೋಗುವುದು 3 ಯೂನಿಟ್. ಊರೊಳಗೆ 30ರ ವೇಗದಲ್ಲಿ ಅದೇ 100 ಕಿಲೋಮೀಟರ್‌ಗೆ ಮೂರು ಗಂಟೆ ಮೀರುತ್ತದೆ, ಹೋಗುವುದು 10 ಯೂನಿಟ್. ಚಿಕ್ಕ ಕಾರಿಗೆ ಊರೊಳಗೇ ಪೆಟ್ಟು ಬೀಳುತ್ತದೆ. ಹೊರಡುವ ಮೊದಲು, ಪ್ಲಗ್ ಹಾಕಿರುವಾಗಲೇ, ಕಾರನ್ನು ಬೆಚ್ಚಗೆ ಮಾಡಿಕೊಂಡರೆ ಎಷ್ಟೋ ಉಳಿಯುತ್ತದೆ.

ಬ್ಯಾಟರಿ ಯಾವ ಜಾತಿ ಅಂತಲೂ ಕೇಳಿ. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ) ಬ್ಯಾಟರಿಗೆ ದಿನಾ 80 ಪರ್ಸೆಂಟ್‌ಗೆ ನಿಲ್ಲಿಸಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಎಲ್‌ಎಫ್‌ಪಿ (ಲಿಥಿಯಂ, ಕಬ್ಬಿಣ, ಫಾಸ್ಫೇಟ್ ಇರುವ) ಬ್ಯಾಟರಿಯನ್ನು ವಾರಕ್ಕೊಮ್ಮೆಯಾದರೂ ನೂರಕ್ಕೆ ತನ್ನಿ ಅಂತ ಅದರ ತಯಾರಕರು ಅನೇಕರು ಹೇಳುತ್ತಾರೆ. 60 ಯೂನಿಟ್ ಎನ್‌ಎಂಸಿಯಲ್ಲಿ 80 ಪರ್ಸೆಂಟ್ ಅಂದರೆ 48. 50 ಯೂನಿಟ್ ಎಲ್‌ಎಫ್‌ಪಿಯನ್ನು ತುಂಬಿಸಿದರೆ 50. ಚಿಕ್ಕದು ಅಂತ ಬಿಟ್ಟು ಬಂದದ್ದೇ ದಿನದ ಬಳಕೆಗೆ ದೊಡ್ಡದಾಯಿತು! ಆದರೆ ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿ ಏನಿದೆಯೋ ಅದನ್ನೇ ಪಾಲಿಸಿ. ನನ್ನ ಮಾತನ್ನಲ್ಲ, ಪಕ್ಕದ ಮನೆಯವರ ಮಾತನ್ನಂತೂ ಅಲ್ಲವೇ ಅಲ್ಲ.

ಸೆಕೆಂಡ್ ಹ್ಯಾಂಡ್ ಚಿಕ್ಕ ರೇಂಜ್ ಕಾರು ನೋಡುವವರು ಈಗ ಜಾಸ್ತಿಯಾಗಿದ್ದಾರೆ. ಊರೊಳಗೆ ಓಡಾಡಲು ಅದು ಒಳ್ಳೆಯ ಆಯ್ಕೆಯೇ. ಆದರೆ ಹಣ ಕೊಡುವ ಮೊದಲು ಬ್ಯಾಟರಿಯ ಆರೋಗ್ಯದ ರಿಪೋರ್ಟ್ ಕೇಳಿ. ಬ್ಯಾಟರಿ ತಣ್ಣಗಾಗಿಸುವ ವ್ಯವಸ್ಥೆ ಇದೆಯಾ ಅಂತ ವಿಚಾರಿಸಿ. ಹಾಗೆಯೇ ಚಾರ್ಜಿಂಗ್ ಮುಚ್ಚಳ ತೆಗೆಸಿ ಕಣ್ಣಾರೆ ನೋಡಿ. ಹಳೆಯ ಕೆಲವು ಮಾಡೆಲ್‌ಗಳ ಕಡಿಮೆ ಬೆಲೆಯ ವೇರಿಯಂಟ್‌ನಲ್ಲಿ ಫಾಸ್ಟ್ ಚಾರ್ಜಿಂಗ್ ಪೋರ್ಟೇ ಇರುವುದಿಲ್ಲ. ಆಮೇಲೆ ಹಾಕಿಸಿಕೊಳ್ಳೋಣ ಅಂದರೆ ಅದು ಬಹುತೇಕ ಆಗದ ಮಾತು.