ಮಲಪ್ರಭೆ ಕಣಿವೆಯ ಕೈಗೊಡಲಿ: ಕಲ್ಲಿನ ಗಾಯಗಳನ್ನು ಓದುವ ಬಗೆ

ಹಳೆ ಶಿಲಾಯುಗದ ಪಾಠ ಬಂದಾಗ ನಾವು ಬಹುತೇಕರು ಆಯುಧಗಳ ಹೆಸರುಗಳನ್ನು ಬಾಯಿಪಾಠ ಮಾಡಿ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತೇವೆ. ಬಾಗಲಕೋಟೆ ಜಿಲ್ಲೆಯ ವಿದ್ಯಾರ್ಥಿಗಳಾದರೂ ಹಾಗೆ ಮಾಡಬಾರದು. ಮಲಪ್ರಭೆ ಕಣಿವೆಯ ಖ್ಯಾಡ, ಲಖಮಾಪುರ ಮತ್ತು ಘಟಪ್ರಭೆ ದಂಡೆಯ ಅನಗವಾಡಿ ಆ ಕಾಲದ ಕಲ್ಲಿನ ಉಪಕರಣಗಳು ದೊರೆತ ನೆಲೆಗಳಾಗಿವೆ.

ಮೊದಲು ಕಲ್ಲನ್ನೇ ತಿಳಿದುಕೊಳ್ಳೋಣ. ಬಾದಾಮಿಯ ಗುಹಾಲಯಗಳನ್ನು ಕೊರೆದ ಮರಳುಗಲ್ಲಿಗೆ ಪೆಟ್ಟು ಬಿದ್ದರೆ ಬಿರುಕು ಮರಳಿನ ಕಣಗಳ ಸುತ್ತ ಹಾಯುವುದರಿಂದ ಅಂಚು ಉದುರುತ್ತದೆ. ಕಲಾದಗಿ ಶಿಲಾಶ್ರೇಣಿಯ ಕ್ವಾರ್ಟ್ಜೈಟ್‌ನಲ್ಲಿ ಕಣಗಳು ಗಟ್ಟಿಯಾಗಿ ಬೆಸೆದುಕೊಂಡಿರುವುದರಿಂದ ಬಿರುಕು ಕಣಗಳನ್ನೇ ಸೀಳಿಕೊಂಡು ಸಾಗಿ ಹರಿತವಾದ ಅಂಚನ್ನು ಬಿಡುತ್ತದೆ. ಈ ಭೇದವನ್ನು ಆದಿಮಾನವ ಕೈಯಿಂದಲೇ ಅರಿತಿದ್ದ. ಇಲ್ಲಿನ ಕೈಗೊಡಲಿಗಳು, ಅಂದರೆ ಹಿಡಿಕೆಯಿಲ್ಲದೆ ಕೈಯಲ್ಲೇ ಹಿಡಿದು ಬಳಸುತ್ತಿದ್ದ ಕಲ್ಲಿನ ಉಪಕರಣಗಳು, ಹೆಚ್ಚಾಗಿ ಕ್ವಾರ್ಟ್ಜೈಟ್‌ನವೇ.

ಪೆಟ್ಟಿಗೆ ಕಲ್ಲಿನಿಂದ ಎದ್ದುಬಂದ ತೆಳು ತುಂಡೇ ಚಕ್ಕೆ. ಅಂಥದೊಂದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಪೆಟ್ಟು ಬಿದ್ದ ಜಾಗದ ಕೆಳಗೆ ಸಣ್ಣ ಉಬ್ಬೊಂದು ಬೆರಳಿಗೆ ತಾಗುತ್ತದೆ. ನಯವಾದ ಕಲ್ಲಾಗಿದ್ದರೆ ಅಲ್ಲಿಂದ ಹರಡಿದ ಅಲೆಗಳೂ ಕಾಣುತ್ತವೆ. ಚಕ್ಕೆ ಎದ್ದ ಕಲ್ಲಿನ ಮೇಲೆ ಅದೇ ಉಬ್ಬಿಗೆ ಹೊಂದುವ ತಗ್ಗು ಉಳಿದಿರುತ್ತದೆ; ಅದೇ ಕಲ್ಲಿನ ಗಾಯ. ಒಂದು ಗಾಯ ಇನ್ನೊಂದನ್ನು ಕತ್ತರಿಸಿದ್ದರೆ ಕತ್ತರಿಸಿದ್ದೇ ಆಮೇಲಿನದು. ಹೀಗೆ ಹಿಂದಕ್ಕೆ ಎಣಿಸುತ್ತ ಹೋದರೆ ಮಾಡಿದವನು ಯಾವ ಮಗ್ಗುಲಿನಿಂದ ಹೊಡೆದ, ಎಲ್ಲಿ ಕಲ್ಲನ್ನು ತಿರುಗಿಸಿದ ಎಂಬುದು ತಿಳಿಯುತ್ತದೆ. ಎರಡೂ ಮೈ ಸಮನಾಗಿರುವ ಕೈಗೊಡಲಿಯನ್ನು ಮಾಡಲು, ಮುಂದಿನ ಪೆಟ್ಟಿಗೆ ಬೇಕಾದ ಕೋನವನ್ನು ಈಗಿನ ಪೆಟ್ಟಿನಲ್ಲೇ ಸಿದ್ಧಪಡಿಸಬೇಕು. ನನ್ನ ಮಟ್ಟಿಗೆ ಈ ಪಾಠದ ತಿರುಳು ಇದೇ: ಇನ್ನೂ ಇಲ್ಲದ ಆಕಾರವನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ಅವರಿಗಿತ್ತು.

ಮುಂದಿನ ಘಟ್ಟದಲ್ಲಿ ಈ ಯೋಚನೆ ಇನ್ನಷ್ಟು ದೂರ ಸಾಗಿತು. ಮಧ್ಯ ಹಳೆ ಶಿಲಾಯುಗದವರು ಮೂಲಗಲ್ಲನ್ನು (ಚಕ್ಕೆ ಎಬ್ಬಿಸುವ ಕಲ್ಲನ್ನು) ಮೊದಲೇ ಹದಗೊಳಿಸಿ, ಬಯಸಿದ ಆಕಾರದ ಚಕ್ಕೆಯನ್ನು ಒಂದೇ ಪೆಟ್ಟಿಗೆ ಎಬ್ಬಿಸುತ್ತಿದ್ದರು.

ಒಂದು ಎಚ್ಚರಿಕೆ ಬೇಕು. ಹೊಳೆಯ ಗರಸಿನಲ್ಲಿ ಉರುಳಿ ಅಂಚು ಸವೆದ ಉಪಕರಣ ತಾನು ತಯಾರಾದ ಬಗೆಯನ್ನು ಹೇಳೀತು, ಬಳಕೆಯಾದ ಜಾಗವನ್ನಲ್ಲ. ಅದಕ್ಕಾಗಿ ಯಾದಗಿರಿ ಜಿಲ್ಲೆಯ ಇಸಾಂಪುರವನ್ನು ನೋಡಬೇಕು. ಅಲ್ಲಿ ಸುಣ್ಣಕಲ್ಲಿನ ಹಾಸುಗಳ ನಡುವೆ ಬಡಿಗಲ್ಲು, ಮೂಲಗಲ್ಲು, ಅರ್ಧಕ್ಕೆ ಬಿಟ್ಟ ಉಪಕರಣ, ಚಕ್ಕೆಗಳ ರಾಶಿ ಎಲ್ಲವೂ ಮಾಡಿದವರು ಬಿಟ್ಟುಹೋದ ಜಾಗದಲ್ಲೇ ದೊರೆತವು. ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ ಆ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಕಾಲವನ್ನು ಅಂದಾಜಿಸಲಾಗಿದೆ.